ಮೌಸ್ ಸಾಫ್ಟ್‌ವೇರ್‌ನಲ್ಲಿ ಗಂಭೀರ ಲೋಪ: ಅಪ್‌ಡೇಟ್ ಹಾಕಿದರೆ ಸಾಕೇ?

ಪ್ರಶ್ನೆ: ನಮ್ಮ ಕಚೇರಿಯಲ್ಲಿ ನಲವತ್ತು ವಿಂಡೋಸ್ ಕಂಪ್ಯೂಟರ್‌ಗಳಿವೆ. ಎಲ್ಲದಕ್ಕೂ ಒಂದೇ ಕಂಪನಿಯ ಮೌಸ್ ಮತ್ತು ಕೀಬೋರ್ಡ್. ಅವುಗಳ ಬಟನ್, ಲೈಟು ಹೊಂದಿಸುವ ಸಾಫ್ಟ್‌ವೇರ್‌ನಲ್ಲಿ ‘ಕ್ರಿಟಿಕಲ್’ ಮಟ್ಟದ ಭದ್ರತಾ ಲೋಪವಿದೆ, ಹೊಸ ಆವೃತ್ತಿ ಹಾಕಿಕೊಳ್ಳಿ ಎಂದು ಕಂಪನಿ ಪ್ರಕಟಣೆ ಕೊಟ್ಟಿದೆ. ಅಪ್‌ಡೇಟ್ ಹಾಕಿ ಸುಮ್ಮನಾಗಬಹುದೇ? ಅಲ್ಲಿಯವರೆಗೆ ಮೌಸ್‌ಗಳನ್ನು ಕಿತ್ತಿಡಬೇಕೇ? ಈಗಾಗಲೇ ಯಾರಾದರೂ ಒಳಹೊಕ್ಕಿದ್ದರೆ ತಿಳಿಯುವುದು ಹೇಗೆ? ಡಿಸೈನ್ ವಿಭಾಗದ ಮೂವರಿಗೆ ಮ್ಯಾಕ್ರೊ (ಒಂದು ಬಟನ್ ಒತ್ತಿದರೆ ಹಲವು ಕೀಲಿ ಒತ್ತಿದಂತಾಗುವ ವ್ಯವಸ್ಥೆ) ಇಲ್ಲದೆ ಕೆಲಸ ಸಾಗುವುದಿಲ್ಲ, ಅವರಿಗೇನು ಮಾಡಲಿ?

ಉತ್ತರ: ಮೌಸ್ ಕೀಳಬೇಡಿ. ಲೋಪವಿರುವುದು ಆ ಉಪಕರಣದಲ್ಲಲ್ಲ, ಅದರ ಹೆಸರಿನಲ್ಲಿ ಕಂಪ್ಯೂಟರಿನೊಳಗೆ ಬಂದು ಕೂತಿರುವ ಸಾಫ್ಟ್‌ವೇರ್‌ನಲ್ಲಿ. ಮೌಸ್ ಕಿತ್ತು ಡ್ರಾಯರ್‌ಗೆ ಹಾಕಿದರೂ ಆ ಸಾಫ್ಟ್‌ವೇರ್ ಹಿನ್ನೆಲೆಯಲ್ಲಿ ಓಡುತ್ತಲೇ ಇರುತ್ತದೆ. ಅದೇ ರೀತಿ, ಸಾಫ್ಟ್‌ವೇರ್ ಪೂರ್ತಿ ತೆಗೆದರೂ ಮೌಸ್, ಕೀಬೋರ್ಡ್ ಕೆಲಸ ಮಾಡುತ್ತವೆ. ಇವು ಎಚ್‌ಐಡಿ ಎಂಬ ಸಾಮಾನ್ಯ ಮಾನದಂಡಕ್ಕೆ ಒಗ್ಗಿದ ಉಪಕರಣಗಳು. ವಿಂಡೋಸ್ ತನ್ನದೇ ಡ್ರೈವರ್‌ನಿಂದ ಇವನ್ನು ನಡೆಸುತ್ತದೆ. ಹೋಗುವುದು ಲೈಟಿನ ಬಣ್ಣ, ಹೆಚ್ಚುವರಿ ಬಟನ್‌ಗಳ ವಿಶೇಷ ಕೆಲಸ, ಆ್ಯಪ್‌ಗೊಂದು ಪ್ರೊಫೈಲ್, ಇಷ್ಟೇ. ಆದ್ದರಿಂದ ನನ್ನ ಸಲಹೆ ನೇರವಾಗಿದೆ: ಮೂವತ್ತೇಳು ಕಂಪ್ಯೂಟರ್‌ಗಳಿಂದ ಈ ಸಾಫ್ಟ್‌ವೇರನ್ನು ತೆಗೆದುಹಾಕಿ, ಮೂರಕ್ಕೆ ಮಾತ್ರ ಅಪ್‌ಡೇಟ್ ಹಾಕಿ. ಆದರೆ ತೆಗೆಯುವುದಕ್ಕೂ ಅಪ್‌ಡೇಟ್ ಹಾಕುವುದಕ್ಕೂ ಒಂದು ಕ್ರಮವಿದೆ. ಅದು ತಪ್ಪಿದರೆ ಲೋಪ ಹಾಗೇ ಉಳಿಯಬಹುದು, ಅಥವಾ ನಿಮ್ಮ ಕೀಬೋರ್ಡೇ ಸ್ತಬ್ಧವಾಗಬಹುದು.

ಮೊದಲು ಈ ಸಾಫ್ಟ್‌ವೇರ್ ಒಳಗೆ ಏನೇನಿರುತ್ತದೆ ಎಂದು ತಿಳಿಯಬೇಕು. ನಿಮಗೆ ಕಾಣುವ ಬಣ್ಣಬಣ್ಣದ ಕಿಟಕಿ ಅದರ ಒಂದು ತುಣುಕು ಮಾತ್ರ. ಅದರ ಹಿಂದೆ ‘ಸಿಸ್ಟಮ್’ ಖಾತೆಯ ಅಧಿಕಾರದಲ್ಲಿ, ಎಂದರೆ ಅಡ್ಮಿನ್‌ಗಿಂತಲೂ ಮೇಲಿನ ಮಟ್ಟದಲ್ಲಿ ಓಡುವ ಒಂದೆರಡು ಸರ್ವಿಸ್‌ಗಳಿರುತ್ತವೆ. ಫ್ಯಾನ್ ವೇಗ, ಮದರ್‌ಬೋರ್ಡಿನ ಲೈಟು, ಉಷ್ಣಾಂಶ ನೋಡಿಕೊಳ್ಳುವಂಥದ್ದಾದರೆ ಜೊತೆಗೊಂದು ಕರ್ನಲ್ ಡ್ರೈವರ್, ಎಂದರೆ ವಿಂಡೋಸ್‌ನ ತಿರುಳಿನೊಳಗೇ ಓಡುವ ಡ್ರೈವರ್, ಇರುತ್ತದೆ. ಸ್ಕ್ರೀನ್ ಮುಂದಿನ ಕಿಟಕಿಯೂ ಹಿಂದಿನ ಸರ್ವಿಸ್ಸೂ ಮಾತಾಡಿಕೊಳ್ಳಲು ಅದೇ ಕಂಪ್ಯೂಟರಿನೊಳಗೆ ಒಂದು ಪುಟ್ಟ ವೆಬ್ ಸರ್ವರ್ ತೆರೆದಿರುವುದೂ ಉಂಟು. ಕೊನೆಯದು ಅಪ್‌ಡೇಟರ್, ಹೊಸ ಫೈಲ್ ಇಳಿಸಿ ತಾನೇ ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ತುಣುಕು. ನಿಮ್ಮ ಮೇಲಿನ ಅಪಾಯ ಎಷ್ಟು, ಪರಿಹಾರ ಯಾವುದು ಎಂಬುದೆಲ್ಲ ಇವುಗಳಲ್ಲಿ ಯಾವುದರಲ್ಲಿ ತೂತಾಗಿದೆ ಎಂಬುದರ ಮೇಲೆ ನಿಂತಿದೆ.

ವೆಬ್ ಸರ್ವರ್‌ನಲ್ಲಿ ತೂತಾದರೆ ಏನಾಗುತ್ತದೆ ಎಂಬುದಕ್ಕೆ 2018ರ ಲಾಜಿಟೆಕ್ ಆಪ್ಷನ್ಸ್ ಪ್ರಕರಣ ಒಳ್ಳೆಯ ಪಾಠ. ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡದ ಟ್ಯಾವಿಸ್ ಆರ್ಮಂಡಿ ಇದನ್ನು ಪತ್ತೆಹಚ್ಚಿದರು. ಆ ಸಾಫ್ಟ್‌ವೇರ್ 10134ನೇ ಪೋರ್ಟ್‌ನಲ್ಲಿ (ಪೋರ್ಟ್ ಎಂದರೆ ಪ್ರೋಗ್ರಾಮ್‌ಗಳು ಸಂಪರ್ಕಕ್ಕೆ ಬಳಸುವ ಸಂಖ್ಯೆಯ ಬಾಗಿಲು) ಬ್ರೌಸರ್‌ನೊಡನೆ ಮಾತಾಡಬಲ್ಲ ವೆಬ್‌ಸಾಕೆಟ್ ಸರ್ವರ್ ಒಂದನ್ನು ತೆರೆದಿತ್ತು. ತನ್ನೊಡನೆ ಮಾತಾಡುತ್ತಿರುವ ವೆಬ್‌ಸೈಟ್ ಯಾವುದೆಂದು ಅದು ನೋಡುತ್ತಲೇ ಇರಲಿಲ್ಲ. ಕೇಳುತ್ತಿದ್ದ ಒಂದೇ ಗುರುತು ಎಂದರೆ ಆ ಬಳಕೆದಾರರ ಯಾವುದಾದರೂ ಪ್ರೋಸೆಸ್‌ನ ಸಂಖ್ಯೆ, ಅದನ್ನೂ ಎಷ್ಟು ಸಲ ಬೇಕಾದರೂ ಊಹಿಸಬಹುದಿತ್ತು. ಎಂದರೆ ನೀವು ತೆರೆದ ಯಾವುದೋ ಜಾಲತಾಣ ನಿಮ್ಮ ಕಂಪ್ಯೂಟರಿನಲ್ಲಿ ಕೀ ಒತ್ತಿದ ಹಾಗೆ ಮಾಡಬಹುದಿತ್ತು. 2025ರ ಮೇ ತಿಂಗಳಲ್ಲಿ ಏಸಸ್ ಕಂಪನಿಯ ಡ್ರೈವರ್ ಇಳಿಸುವ ಸಾಫ್ಟ್‌ವೇರ್ ಡ್ರೈವರ್‌ಹಬ್‌ನಲ್ಲಿ ಸಿಕ್ಕ ಲೋಪಗಳೂ (ಸಿವಿಇ-2025-3462 ಮತ್ತು 3463; ಸಿವಿಇ ಎಂದರೆ ಲೋಪಗಳಿಗೆ ಕೊಡುವ ಗುರುತಿನ ಸಂಖ್ಯೆ) ಇದೇ ಜಾತಿಯವು. ಅಲ್ಲಿ ವೆಬ್‌ಸೈಟಿನ ಹೆಸರನ್ನು ಪರೀಕ್ಷಿಸುತ್ತಿದ್ದರು, ಆದರೆ ಅರ್ಧಂಬರ್ಧ: ಕಂಪನಿಯ ವಿಳಾಸದಿಂದ ಆರಂಭವಾಗುವ ಯಾವ ಡೊಮೇನ್ ಹೆಸರೂ ಒಳಗೆ ನುಸುಳಬಹುದಿತ್ತು.

ಇಂಥ ಸಂದರ್ಭದಲ್ಲಿ ‘ನಮಗೆ ಫೈರ್‌ವಾಲ್ ಇದೆಯಲ್ಲ’ ಎಂಬ ಧೈರ್ಯ ಕೆಲಸಕ್ಕೆ ಬಾರದು. ಮಾತುಕತೆ ನಡೆಯುವುದು ನಿಮ್ಮದೇ ಬ್ರೌಸರ್ ಮತ್ತು ನಿಮ್ಮದೇ ಕಂಪ್ಯೂಟರಿನ 127.0.0.1 ವಿಳಾಸದ ನಡುವೆ. ಹೊರಗಿನಿಂದ ಬರುವುದನ್ನು ತಡೆಯುವ ಗೋಡೆಗೆ ಇದು ಕಾಣುವುದೇ ಇಲ್ಲ.

ಕರ್ನಲ್ ಡ್ರೈವರ್‌ನ ಲೋಪ ಬೇರೆ ಬಗೆಯದು. ಕೋರ್ಸೇರ್ ಕಂಪನಿಯ ಐಕ್ಯೂ ಸಾಫ್ಟ್‌ವೇರ್‌ನ 3.25.60ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿದ್ದ ಡ್ರೈವರ್ (ಸಿವಿಇ-2020-8808) ಸಾಮಾನ್ಯ ಬಳಕೆದಾರರಿಗೂ ಕಂಪ್ಯೂಟರಿನ ಭೌತಿಕ ಮೆಮೊರಿಯನ್ನು ಓದಲು, ಬರೆಯಲು ಬಿಡುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ವೇಗ ಹೊಂದಿಸುವ ಎಂಎಸ್‌ಐ ಆಫ್ಟರ್‌ಬರ್ನರ್‌ನ ಆರ್‌ಟಿಕೋರ್64 ಡ್ರೈವರ್ (ಸಿವಿಇ-2019-16098) ಇನ್ನೂ ಕುಖ್ಯಾತ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಬ್ಲ್ಯಾಕ್‌ಬೈಟ್ ಎಂಬ ರ‍್ಯಾನ್‌ಸಮ್‌ವೇರ್ ಗುಂಪು ಅದನ್ನು ತಾನೇ ಹೊತ್ತು ತಂದು, ಆ್ಯಂಟಿವೈರಸ್‌ಗಳ ಕಣ್ಣು ಕಟ್ಟಲು ಬಳಸಿಕೊಂಡಿತು. ಈ ಬಗೆಯ ಲೋಪಕ್ಕೆ ದಾಳಿಕೋರ ಮೊದಲೇ ಕಂಪ್ಯೂಟರಿನೊಳಗೆ ಯಾವುದಾದರೂ ಪ್ರೋಗ್ರಾಮ್ ಓಡಿಸುವಷ್ಟು ಕಾಲಿಟ್ಟಿರಬೇಕು. ಆದರೆ ಒಮ್ಮೆ ಕಾಲಿಟ್ಟರೆ ಸಾಮಾನ್ಯ ಖಾತೆಯಿಂದ ಸಿಸ್ಟಮ್ ಮಟ್ಟಕ್ಕೆ ಏರುವುದು ಕ್ಷಣದ ಮಾತು.

ಈಗ ಕಂಪನಿಯ ಪ್ರಕಟಣೆಯನ್ನು ಮತ್ತೊಮ್ಮೆ ಓದಿ. ‘ಕ್ರಿಟಿಕಲ್’ ಎಂಬ ಪದಕ್ಕಿಂತ ಅದರ ಪಕ್ಕದ ಸಿವಿಎಸ್‌ಎಸ್ (ಲೋಪದ ತೀವ್ರತೆಗೆ ಹತ್ತಕ್ಕೆ ಅಂಕ ಕೊಡುವ ಪದ್ಧತಿ) ಸಾಲು ಮುಖ್ಯ. ಅದರಲ್ಲಿ ದಾಳಿಯ ದಾರಿ ಹೇಳುವ ‘ಎವಿ’ಯ ಮುಂದೆ ‘ಎನ್’ ಇದ್ದರೆ ನೆಟ್‌ವರ್ಕ್ ಮೂಲಕ ದಾಳಿ ಸಾಧ್ಯ, ‘ಎಲ್’ ಇದ್ದರೆ ಕಂಪ್ಯೂಟರಿನೊಳಗಿನಿಂದ. ಯಾವ ಅನುಮತಿಯೂ ಬೇಡದ, ಬಳಕೆದಾರ ಏನನ್ನೂ ಒತ್ತಬೇಕಿಲ್ಲದ ನೆಟ್‌ವರ್ಕ್ ದಾಳಿಗೆ ಸಾಮಾನ್ಯವಾಗಿ 9.8 ಅಂಕ ಬೀಳುತ್ತದೆ. ಜಾಲತಾಣ ತೆರೆಯಬೇಕಾದ ಬಗೆಗೆ 8.8. ಒಳಗಿನಿಂದ ಅಧಿಕಾರ ಏರಿಸಿಕೊಳ್ಳುವ ಬಗೆಗೆ 7.8. ಲೆಕ್ಕದ ಪ್ರಕಾರ 9.0 ಅಥವಾ ಅದಕ್ಕಿಂತ ಹೆಚ್ಚಿನದು ಮಾತ್ರ ಕ್ರಿಟಿಕಲ್, ಸುದ್ದಿಗಳು 7.8ಕ್ಕೂ ಆ ಪದ ಬಳಸಿಬಿಡುತ್ತವೆ. ಒಂದು ಎಚ್ಚರಿಕೆ: ಒಳಗಿನ ವೆಬ್ ಸರ್ವರ್‌ನ ಲೋಪವನ್ನು ಕೆಲವು ಕಂಪನಿಗಳು ‘ಲೋಕಲ್’ ಎಂದು ಬರೆದು ಅಂಕ ಇಳಿಸಿಕೊಳ್ಳುತ್ತವೆ. ವಿವರಣೆಯಲ್ಲಿ ‘ಒರಿಜಿನ್’, ‘ವೆಬ್‌ಸಾಕೆಟ್’, ‘ಲೋಕಲ್‌ಹೋಸ್ಟ್’ ಎಂಬ ಪದಗಳು ಕಂಡರೆ ಅದನ್ನು ಹೊರಗಿನ ದಾಳಿ ಎಂದೇ ಎಣಿಸಿ, ಅಂದೇ ಕೈಹಾಕಿ. ಒಳಗಿನ ಬಗೆಯದಾದರೆ ಹಲವರು ಲಾಗಿನ್ ಆಗುವ ಹಂಚಿಕೆಯ ಕಂಪ್ಯೂಟರ್‌ಗಳು ಮತ್ತು ರಿಮೋಟ್ ಡೆಸ್ಕ್‌ಟಾಪ್‌ಗೆ ತೆರೆದ ಯಂತ್ರಗಳು ಮೊದಲು, ಒಬ್ಬರೇ ಕೂರುವ ಮೇಜುಗಳು ನಂತರ.

ಏನನ್ನೂ ತೆಗೆಯುವ ಮುನ್ನ ಲಾಗ್‌ಗಳನ್ನು ಉಳಿಸಿಕೊಳ್ಳಿ. ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್, ಸೆಕ್ಯುರಿಟಿ, ಅಪ್ಲಿಕೇಶನ್ ಈ ಮೂರರ ಮೇಲೂ ಬಲ ಕ್ಲಿಕ್ ಮಾಡಿ ‘ಸೇವ್ ಆಲ್ ಈವೆಂಟ್ಸ್ ಆ್ಯಸ್’ ಆರಿಸಿ, ಪೆನ್‌ಡ್ರೈವ್‌ಗೋ ಬೇರೆ ಯಂತ್ರಕ್ಕೋ ಹಾಕಿಡಿ. ಲಾಗ್ ತುಂಬಿದಾಗ ಹಳೆಯ ದಾಖಲೆಗಳು ತಾವಾಗಿ ಅಳಿಯುತ್ತವೆ. ಅನ್‌ಇನ್‌ಸ್ಟಾಲ್, ಇನ್‌ಸ್ಟಾಲ್ ಎಂದು ಓಡಾಡಿದ ಮೇಲೆ ಹೊಸ ಗದ್ದಲವೂ ಸೇರಿ ನಂತರ ಹುಡುಕುವುದು ಕಷ್ಟ. ಇದನ್ನು ಬಹುತೇಕರು ಕೊನೆಗೆ ನೆನಪಿಸಿಕೊಳ್ಳುತ್ತಾರೆ.

ತೆಗೆಯಲು ಸಮಯ ಸಿಗುವವರೆಗೆ ಸರ್ವಿಸ್‌ಗಳನ್ನು ನಿಲ್ಲಿಸಿಡಿ. ‘ಸರ್ವಿಸಸ್’ ಪಟ್ಟಿಯಲ್ಲಿ ಕಂಪನಿಯ ಹೆಸರಿನವನ್ನು ಹುಡುಕಿ, ಮೊದಲು ‘ಸ್ಟಾರ್ಟಪ್ ಟೈಪ್’ ಅನ್ನು ಡಿಸೇಬಲ್ಡ್ ಮಾಡಿ, ಆಮೇಲೆ ಸ್ಟಾಪ್ ಒತ್ತಿ. ಬರೀ ಸ್ಟಾಪ್ ಒತ್ತಿದರೆ ಒಂದನ್ನೊಂದು ಕಾಯುವ ಇನ್ನೊಂದು ಸರ್ವಿಸ್ ಅದನ್ನು ಮತ್ತೆ ಎಬ್ಬಿಸುತ್ತದೆ. ಟಾಸ್ಕ್ ಶೆಡ್ಯೂಲರ್‌ನಲ್ಲೂ, ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲೂ ಅದೇ ಕಂಪನಿಯ ನಮೂದುಗಳಿದ್ದರೆ ನಿಲ್ಲಿಸಿ. ನಿಂತಿತೇ ಎಂದು ತಿಳಿಯಲು ರಿಸೋರ್ಸ್ ಮಾನಿಟರ್ ತೆರೆದು ನೆಟ್‌ವರ್ಕ್ ಟ್ಯಾಬ್‌ನ ‘ಲಿಸನಿಂಗ್ ಪೋರ್ಟ್ಸ್’ ನೋಡಿ: ಯಾವ ಪ್ರೋಗ್ರಾಮ್ ಯಾವ ಪೋರ್ಟ್ ಹಿಡಿದು ಕೂತಿದೆ ಎಂಬುದು ಅಲ್ಲಿ ಹೆಸರು ಸಮೇತ ಕಾಣುತ್ತದೆ. ಮೌಸ್ ಕಂಪನಿಯ ಹೆಸರು ಅಲ್ಲಿ ಇರಬಾರದು.

ಸರ್ವಿಸ್ ನಿಂತ ಮಾತ್ರಕ್ಕೆ ಕರ್ನಲ್ ಡ್ರೈವರ್ ನಿಲ್ಲುವುದಿಲ್ಲ. ಅದು ‘ಸರ್ವಿಸಸ್’ ಪಟ್ಟಿಯಲ್ಲಿ ಕಾಣುವುದೂ ಇಲ್ಲ. ಅದನ್ನು ನೋಡಲು ‘ಸಿಸ್ಟಮ್ ಇನ್ಫರ್ಮೇಶನ್’ ತೆರೆದು ಸಾಫ್ಟ್‌ವೇರ್ ಎನ್ವಿರಾನ್‌ಮೆಂಟ್ ಅಡಿಯ ‘ಸಿಸ್ಟಮ್ ಡ್ರೈವರ್ಸ್’ ಆರಿಸಿ. ಡ್ರೈವರ್‌ನ ಹೆಸರು, ಫೈಲ್ ಇರುವ ಜಾಗ, ಈಗ ಓಡುತ್ತಿದೆಯೇ ಎಂಬುದೆಲ್ಲ ಸಾಲಾಗಿ ಬರುತ್ತದೆ. ಪ್ರಕಟಣೆಯಲ್ಲಿ ಹೆಸರಿಸಿದ ಸಿಸ್ ಫೈಲ್ (ಹೆಸರು .sys ಎಂದು ಮುಗಿಯುವ ಡ್ರೈವರ್ ಫೈಲ್) ಅಲ್ಲಿದ್ದರೆ, ಫೈಲ್‌ನ ಪ್ರಾಪರ್ಟೀಸ್‌ನ ಡೀಟೇಲ್ಸ್ ಟ್ಯಾಬ್‌ನಲ್ಲಿ ಆವೃತ್ತಿ ಸಂಖ್ಯೆ ನೋಡಿ ಬರೆದಿಟ್ಟುಕೊಳ್ಳಿ. ಸಾಫ್ಟ್‌ವೇರ್‌ನ ಆವೃತ್ತಿ ಬೇರೆ, ಡ್ರೈವರ್‌ನ ಆವೃತ್ತಿ ಬೇರೆ ಎಂಬುದನ್ನು ಮರೆಯಬೇಡಿ. ಡ್ರೈವರ್ ನಿಲ್ಲಿಸಲು ಕಮಾಂಡ್ ಪ್ರಾಂಪ್ಟ್‌ನ ‘ಎಸ್‌ಸಿ’ ಕಮಾಂಡ್ ಬಳಸುವವರಿಗೆ ಒಂದು ಮಾತು: ಹಳೆಯ ಪವರ್‌ಶೆಲ್‌ನಲ್ಲಿ ಇದೇ ಎರಡಕ್ಷರ ಫೈಲ್‌ಗೆ ಬರೆಯುವ ಬೇರೊಂದು ಕಮಾಂಡ್‌ನ ಅಡ್ಡಹೆಸರು. ಅಲ್ಲಿ ಒತ್ತಿದರೆ ಡ್ರೈವರ್ ನಿಲ್ಲುವುದಿಲ್ಲ, ಯಾವುದೋ ಹೆಸರಿನ ಫೈಲ್ ಹುಟ್ಟಿಕೊಳ್ಳುತ್ತದೆ, ತಪ್ಪು ಸಂದೇಶವೂ ಬರುವುದಿಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲೇ ಮಾಡಿ.

ಇನ್ನು ತೆಗೆಯುವ ಕೆಲಸ. ಇಲ್ಲೇ ದೊಡ್ಡ ಅನಾಹುತ ಆಗುವುದು. ಲೋಪವಿರುವ ಸಿಸ್ ಫೈಲನ್ನು ನೇರವಾಗಿ ‘ಸಿಸ್ಟಮ್32’ ಒಳಗಿನ ಡ್ರೈವರ್ಸ್ ಫೋಲ್ಡರ್‌ನಿಂದ ಅಳಿಸಿಬಿಡೋಣ ಎನ್ನಿಸುತ್ತದೆ. ಮಾಡಬೇಡಿ. ಕೆಲವು ಕಂಪನಿಗಳ ಡ್ರೈವರ್ ಮೌಸ್, ಕೀಬೋರ್ಡ್‌ಗಳ ದಾರಿಯಲ್ಲಿ ‘ಫಿಲ್ಟರ್’ ಆಗಿ ಕೂತಿರುತ್ತದೆ. ಪ್ರತಿ ಕೀಲಿಯೊತ್ತೂ ಅದನ್ನು ದಾಟಿಯೇ ವಿಂಡೋಸ್‌ಗೆ ಹೋಗಬೇಕು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ‘ಅಪ್ಪರ್‌ಫಿಲ್ಟರ್ಸ್’ ಎಂಬ ನಮೂದಿನಲ್ಲಿ ಅದರ ಹೆಸರಿರುತ್ತದೆ. ಹೆಸರು ಉಳಿದು ಫೈಲ್ ಮಾತ್ರ ಹೋದರೆ, ಮುಂದಿನ ಬೂಟ್‌ನಲ್ಲಿ ವಿಂಡೋಸ್ ಆ ಡ್ರೈವರನ್ನು ಹುಡುಕಿ ಸಿಗದೆ ಇಡೀ ಕೀಬೋರ್ಡನ್ನೇ ಕೈಬಿಡುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕೋಡ್ 39 ಎಂದು ಹಳದಿ ಗುರುತು ಬೀಳುತ್ತದೆ, ಪಾಸ್‌ವರ್ಡ್ ಹೊಡೆಯಲು ಕೀಬೋರ್ಡ್ ಇರುವುದಿಲ್ಲ. ಬೇರೆ ಕೀಬೋರ್ಡ್ ಚುಚ್ಚಿದರೂ ಅಷ್ಟೇ, ಏಕೆಂದರೆ ಆ ನಮೂದು ಕೀಬೋರ್ಡ್ ಎಂಬ ಇಡೀ ವರ್ಗಕ್ಕೆ ಸೇರಿರಬಹುದು.

ನಿಮ್ಮಲ್ಲಿ ಹಾಗಿದೆಯೇ ಎಂದು ನೋಡುವುದು ಸುಲಭ. ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್ ಮೇಲೆ ಎರಡು ಕ್ಲಿಕ್ ಮಾಡಿ, ಡ್ರೈವರ್ ಟ್ಯಾಬ್‌ನ ‘ಡ್ರೈವರ್ ಡೀಟೇಲ್ಸ್’ ಒತ್ತಿ. ಮೈಕ್ರೋಸಾಫ್ಟ್‌ನ ಮೌಕ್ಲಾಸ್, ಮೌಎಚ್‌ಐಡಿ ಇವೆರಡೇ ಇದ್ದರೆ ಫಿಲ್ಟರ್ ಇಲ್ಲ. ಮೂರನೆಯದು ಕಂಪನಿಯದ್ದಿದ್ದರೆ ಇದೆ. ಕೀಬೋರ್ಡ್‌ಗೂ ಇದೇ ಪರೀಕ್ಷೆ, ಅಲ್ಲಿ ಇರಬೇಕಾದವು ಕೆಬಿಡಿಕ್ಲಾಸ್, ಕೆಬಿಡಿಎಚ್‌ಐಡಿ. ಫಿಲ್ಟರ್ ಇರಲಿ ಇಲ್ಲದಿರಲಿ, ಮೊದಲು ರಿಸ್ಟೋರ್ ಪಾಯಿಂಟ್ (ತೊಂದರೆಯಾದರೆ ಈಗಿನ ಸ್ಥಿತಿಗೆ ಮರಳಲು ವಿಂಡೋಸ್ ಇಟ್ಟುಕೊಳ್ಳುವ ಗುರುತು) ಮಾಡಿ. ಆಮೇಲೆ ಸೆಟ್ಟಿಂಗ್ಸ್‌ನ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯಿಂದ ಕಂಪನಿಯದೇ ಅನ್‌ಇನ್‌ಸ್ಟಾಲರ್ ಓಡಿಸಿ. ಅದು ರಿಜಿಸ್ಟ್ರಿಯ ನಮೂದನ್ನೂ ತೆಗೆಯುತ್ತದೆ. ಒಂದೇ ಕಂಪನಿಯ ಹೆಸರಿನಲ್ಲಿ ಮೂರ್ನಾಲ್ಕು ನಮೂದುಗಳಿರುವುದು ಸಾಮಾನ್ಯ, ಎಲ್ಲವನ್ನೂ ತೆಗೆಯಿರಿ. ಅದಕ್ಕೂ ಮೀರಿ ಕೀಬೋರ್ಡ್ ಸತ್ತರೆ, ಬೂಟ್ ಆಗುವಾಗ ಪವರ್ ಬಟನ್ ಒತ್ತಿಹಿಡಿದು ಸತತ ಎರಡು ಮೂರು ಸಲ ಆರಿಸಿ. ರಿಕವರಿ ಪರದೆ ಬರುತ್ತದೆ. ಅದು ಪ್ರತ್ಯೇಕ ವಿಂಡೋಸ್ ಆದ್ದರಿಂದ ಅಲ್ಲಿ ಕೀಬೋರ್ಡ್ ಕೆಲಸ ಮಾಡುತ್ತದೆ, ರಿಸ್ಟೋರ್ ಪಾಯಿಂಟ್‌ಗೆ ಮರಳಬಹುದು. ಡಿಸ್ಕ್‌ಗೆ ಬಿಟ್‌ಲಾಕರ್ ಎಂಬ ಎನ್‌ಕ್ರಿಪ್ಶನ್ ಬೀಗ ಹಾಕಿದ್ದರೆ ಅಲ್ಲಿ ರಿಕವರಿ ಕೀ ಕೇಳುತ್ತದೆ; ಕೆಲಸ ಶುರುಮಾಡುವ ಮೊದಲೇ ಅದು ಕೈಯಲ್ಲಿರಲಿ. ನಲವತ್ತೂ ಕಂಪ್ಯೂಟರ್‌ಗಳ ಮೇಲೆ ಒಟ್ಟಿಗೆ ಸ್ಕ್ರಿಪ್ಟ್ ಓಡಿಸುವ ಮೊದಲು ಎರಡರ ಮೇಲೆ ಮಾಡಿ, ರೀಸ್ಟಾರ್ಟ್ ಮಾಡಿ, ಒಂದು ದಿನ ಬಿಡಿ.

ರೀಸ್ಟಾರ್ಟ್ ಎಂದೆ, ಶಟ್‌ಡೌನ್ ಎನ್ನಲಿಲ್ಲ. ಇದು ಬೇಕೆಂದೇ. ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಇದ್ದರೆ ಶಟ್‌ಡೌನ್ ಮಾಡಿದಾಗ ಕರ್ನಲ್ ಇದ್ದ ಹಾಗೇ ಡಿಸ್ಕ್‌ಗೆ ಇಳಿಯುತ್ತದೆ, ಮರುದಿನ ಅದೇ ಎದ್ದು ಬರುತ್ತದೆ, ಅದರೊಡನೆ ಹಳೆಯ ಡ್ರೈವರೂ. ರೀಸ್ಟಾರ್ಟ್ ಒತ್ತಿದಾಗ ಮಾತ್ರ ಕರ್ನಲ್ ಹೊಸದಾಗಿ ಶುರುವಾಗುತ್ತದೆ. ‘ದಿನಾ ಸಂಜೆ ಆಫ್ ಮಾಡುತ್ತೇವೆ, ಅಪ್‌ಡೇಟ್ ಹಾಕಿ ವಾರವಾಯಿತು’ ಎನ್ನುವ ಕಂಪ್ಯೂಟರಿನಲ್ಲಿ ಲೋಪದ ಡ್ರೈವರ್ ಇನ್ನೂ ಮೆಮೊರಿಯಲ್ಲಿರಲು ಇದೇ ಕಾರಣ.

ರೀಸ್ಟಾರ್ಟ್ ಆದ ಮೇಲೆ ಸಿಸ್ಟಮ್ ಡ್ರೈವರ್ಸ್ ಪಟ್ಟಿಯನ್ನೂ, ಲಿಸನಿಂಗ್ ಪೋರ್ಟ್ಸನ್ನೂ ಮತ್ತೆ ನೋಡಿ. ಅನ್‌ಇನ್‌ಸ್ಟಾಲರ್‌ಗಳು ಡ್ರೈವರ್ ಬಿಟ್ಟುಹೋಗುವುದು ತೀರಾ ಸಾಮಾನ್ಯ. 2021ರಲ್ಲಿ ಬೆಳಕಿಗೆ ಬಂದ ಡೆಲ್‌ನ ಡಿಬಿಯುಟಿಲ್ ಡ್ರೈವರ್ (ಸಿವಿಇ-2021-21551) ನೆನಪಿಸಿಕೊಳ್ಳಿ. 2009ರಿಂದ ಹಂಚಿಕೆಯಾಗುತ್ತಿದ್ದ ಆ ಫೈಲ್ ಬಳಕೆದಾರರ ಟೆಂಪ್ ಫೋಲ್ಡರ್‌ನಲ್ಲಿ, ಇಲ್ಲವೇ ವಿಂಡೋಸ್‌ನ ಟೆಂಪ್‌ನಲ್ಲಿ ಉಳಿದುಬಿಡುತ್ತಿತ್ತು. ಹೊಸ ಆವೃತ್ತಿ ಹಾಕಿದರೆ ಸಾಲದೆ, ಹಳೆಯದನ್ನು ಹುಡುಕಿ ತೆಗೆಯಲು ಕಂಪನಿ ಪ್ರತ್ಯೇಕ ಸಾಧನವನ್ನೇ ಕೊಡಬೇಕಾಯಿತು. ವಿಂಡೋಸ್ ಡ್ರೈವರ್‌ಗಳ ಪ್ರತಿ ಕೂಡಿಡುವ ಡ್ರೈವರ್ ಸ್ಟೋರ್‌ನಲ್ಲೂ ಒಂದು ಪ್ರತಿ ಉಳಿಯುತ್ತದೆ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪಿಎನ್‌ಪಿಯುಟಿಲ್’ ಕಮಾಂಡಿಗೆ ‘ಎನಮ್-ಡ್ರೈವರ್ಸ್’ ಸ್ವಿಚ್ ಕೊಟ್ಟರೆ ಹೊರಗಿನಿಂದ ಬಂದ ಎಲ್ಲ ಡ್ರೈವರ್‌ಗಳು ‘ಒಇಎಂ’ ಮತ್ತು ಒಂದು ಸಂಖ್ಯೆಯ ಹೆಸರಿನಲ್ಲಿ ಪಟ್ಟಿಯಾಗುತ್ತವೆ. ಕಂಪನಿಯ ಹೆಸರಿನದನ್ನು ಗುರುತಿಸಿ ‘ಡಿಲೀಟ್-ಡ್ರೈವರ್’, ‘ಅನ್‌ಇನ್‌ಸ್ಟಾಲ್’ ಸ್ವಿಚ್‌ಗಳೊಡನೆ ಅದನ್ನು ತೆಗೆಯಿರಿ. ಈ ಒಇಎಂ ಸಂಖ್ಯೆ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಿರುತ್ತದೆ. ಒಂದರಲ್ಲಿ ಕಂಡ ಸಂಖ್ಯೆಯನ್ನು ಸ್ಕ್ರಿಪ್ಟ್‌ಗೆ ಹಾಕಿ ನಲವತ್ತರಲ್ಲಿ ಓಡಿಸಿದರೆ ಇನ್ನೊಂದರಲ್ಲಿ ಪ್ರಿಂಟರೋ ವೈಫೈಯೋ ಹೋಗುತ್ತದೆ.

ಇಷ್ಟೆಲ್ಲ ಮಾಡಿ ಮೌಸ್ ಚುಚ್ಚಿದರೆ ಸಾಫ್ಟ್‌ವೇರ್ ತಾನಾಗಿ ಮರಳಿ ಬರಬಹುದು. 2021ರ ಆಗಸ್ಟ್‌ನಲ್ಲಿ ರೇಝರ್ ವಿಷಯದಲ್ಲಿ ಬಯಲಾದದ್ದು ಇದೇ. ಮೌಸ್ ಚುಚ್ಚಿದ ಕೂಡಲೇ ವಿಂಡೋಸ್ ಅಪ್‌ಡೇಟ್ ಕಂಪನಿಯ ಇನ್‌ಸ್ಟಾಲರನ್ನು ಸಿಸ್ಟಮ್ ಅಧಿಕಾರದಲ್ಲಿ ಓಡಿಸುತ್ತಿತ್ತು. ಯಾವ ಫೋಲ್ಡರ್‌ಗೆ ಹಾಕಲಿ ಎಂದು ಅದು ಕೇಳುವ ಕಿಟಕಿಯಲ್ಲಿ ಶಿಫ್ಟ್ ಒತ್ತಿ ಬಲ ಕ್ಲಿಕ್ ಮಾಡಿದರೆ ಅದೇ ಅಧಿಕಾರದ ಪವರ್‌ಶೆಲ್ ತೆರೆಯುತ್ತಿತ್ತು. ಎಂದರೆ ಸಾಮಾನ್ಯ ಖಾತೆಯವರು ಒಂದು ಮೌಸ್ ತಂದು ಚುಚ್ಚಿ ಇಡೀ ಯಂತ್ರದ ಒಡೆಯರಾಗಬಹುದಿತ್ತು. ಕೆಲವೇ ದಿನಗಳಲ್ಲಿ ಸ್ಟೀಲ್‌ಸೀರೀಸ್‌ನ ಇನ್‌ಸ್ಟಾಲರ್‌ನಲ್ಲೂ ಇಂಥದೇ ದಾರಿ ಕಂಡಿತು. ಇದನ್ನು ತಡೆಯಲು ರಿಜಿಸ್ಟ್ರಿಯಲ್ಲಿ ‘ಎಚ್‌ಕೆಇವೈ ಲೋಕಲ್ ಮಷೀನ್’ ಒಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ‘ಡಿವೈಸ್ ಇನ್‌ಸ್ಟಾಲರ್’ ಎಂಬ ದಾರಿಯಲ್ಲಿ ಹೋಗಿ, ‘ಡಿಸೇಬಲ್‌ಕೋಇನ್‌ಸ್ಟಾಲರ್ಸ್’ ಎಂಬ ಡಿವರ್ಡ್ ಮೌಲ್ಯ ಮಾಡಿ 1 ಕೊಡಿ. ಈ ಮೌಲ್ಯದ ಹೆಸರಿನ ಪದಗಳ ನಡುವೆ ಸ್ಪೇಸ್ ಬೇಡ. ಇದರಿಂದ ಉಪಕರಣದ ಮೂಲ ಡ್ರೈವರ್ ಬರುವುದು ನಿಲ್ಲುವುದಿಲ್ಲ, ಅದರ ಜೊತೆ ಓಡುವ ಇನ್‌ಸ್ಟಾಲರ್ ಮಾತ್ರ ನಿಲ್ಲುತ್ತದೆ. ಗ್ರೂಪ್ ಪಾಲಿಸಿ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಕಡೆಯಿಂದ ನಿಯಮ ಹಾಕುವ ವ್ಯವಸ್ಥೆ) ಇರುವ ಕಚೇರಿಗಳಲ್ಲಿ ‘ಡಿವೈಸ್ ಇನ್‌ಸ್ಟಾಲೇಶನ್’ ಅಡಿಯಲ್ಲಿ ಡಿವೈಸ್ ಮೆಟಾಡೇಟಾ (ಉಪಕರಣದ ವಿವರಗಳು) ಇಂಟರ್‌ನೆಟ್‌ನಿಂದ ತರುವುದನ್ನು ತಡೆಯುವ ಆಯ್ಕೆಯನ್ನೂ ಆನ್ ಮಾಡಿ.

ಮದರ್‌ಬೋರ್ಡ್ ಕಂಪನಿಗಳ ಲೈಟಿಂಗ್ ಸಾಫ್ಟ್‌ವೇರ್ ಆದರೆ ಇನ್ನೊಂದು ಮೆಟ್ಟಿಲು ಕೆಳಗೆ ಇಳಿಯಬೇಕು: ಅದು ಬಯಾಸ್‌ನಿಂದಲೇ, ಎಂದರೆ ಮದರ್‌ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್‌ನಿಂದಲೇ, ಮರುಹುಟ್ಟುತ್ತದೆ. ಏಸಸ್‌ನಲ್ಲಿ ಆರ್ಮರಿ ಕ್ರೇಟ್ ಇಳಿಸುವ ಆಯ್ಕೆ, ಗಿಗಾಬೈಟ್‌ನಲ್ಲಿ ಆ್ಯಪ್ ಸೆಂಟರ್ ಇಳಿಸುವ ಆಯ್ಕೆ ಬಯಾಸ್ ಸೆಟಪ್‌ನಲ್ಲಿರುತ್ತವೆ. ಎರಡನ್ನೂ ಡಿಸೇಬಲ್ಡ್ ಮಾಡಿ. ಗಿಗಾಬೈಟ್‌ನ ಈ ವ್ಯವಸ್ಥೆ ಎನ್‌ಕ್ರಿಪ್ಟ್ ಆಗದ ಸಾದಾ ಎಚ್‌ಟಿಟಿಪಿ ಮೂಲಕವೂ ಫೈಲ್ ಇಳಿಸುತ್ತಿದ್ದುದನ್ನು ಎಕ್ಲಿಪ್ಸಿಯಮ್ ಸಂಸ್ಥೆ 2023ರ ಮೇನಲ್ಲಿ ತೋರಿಸಿತು.

ಅಪ್‌ಡೇಟ್ ಹಾಕುವ ಮೂರು ಕಂಪ್ಯೂಟರ್‌ಗಳ ಮಾತಿಗೆ ಬರೋಣ. ಲೋಪವಿರುವುದು ಅಪ್‌ಡೇಟರ್‌ನಲ್ಲೇ ಆಗಿದ್ದರೆ ಅದೇ ಅಪ್‌ಡೇಟರ್‌ನಿಂದ ಸರಿಪಡಿಸಲು ಹೋಗಬೇಡಿ. ಪೂರ್ತಿ ಇನ್‌ಸ್ಟಾಲರನ್ನು ಕಂಪನಿಯ ಜಾಲತಾಣದಿಂದ ಇಳಿಸಿ. ವಿಳಾಸವನ್ನು ನೀವೇ ಟೈಪ್ ಮಾಡಿ. ಇಂಥ ಪ್ರಕಟಣೆ ಬಂದ ವಾರದಲ್ಲಿ ಹುಡುಕಾಟದ ಫಲಿತಾಂಶದ ಮೇಲ್ಗಡೆ ನಕಲಿ ಜಾಹೀರಾತುಗಳು ಬರುವುದು ಹೊಸತಲ್ಲ. ಫೈಲ್ ಇಳಿದ ಮೇಲೆ ಓಡಿಸುವ ಮೊದಲು ಪ್ರಾಪರ್ಟೀಸ್‌ನ ‘ಡಿಜಿಟಲ್ ಸಿಗ್ನೇಚರ್ಸ್’ ಟ್ಯಾಬ್ ನೋಡಿ. ಕಂಪನಿಯ ಹೆಸರಿರಬೇಕು, ಡೀಟೇಲ್ಸ್ ಒತ್ತಿದಾಗ ಸಹಿ ಸರಿಯಾಗಿದೆ ಎಂಬ ಸಂದೇಶ ಬರಬೇಕು. ಆ ಟ್ಯಾಬೇ ಇಲ್ಲದಿದ್ದರೆ ಫೈಲ್ ಓಡಿಸಬೇಡಿ. ಅಧಿಕೃತ ತಾಣ ಎಂದ ಮಾತ್ರಕ್ಕೆ ನಂಬಿಕೆ ಸಲ್ಲದು: ಎಂಡ್‌ಗೇಮ್ ಗಿಯರ್ ಕಂಪನಿಯ ಒಂದು ಮೌಸ್‌ನ ಪುಟದಲ್ಲಿದ್ದ ಕಾನ್ಫಿಗರೇಶನ್ ಸಾಧನದೊಳಗೆ 2025ರ ಜೂನ್ 26ರಿಂದ ಜುಲೈ 9ರವರೆಗೆ ಮಾಲ್‌ವೇರ್ ಸೇರಿತ್ತು. ಜಾಲತಾಣದ ಅದೇ ಪುಟದಲ್ಲಿ ಬರೆದ ಹ್ಯಾಶ್ ಸಂಖ್ಯೆ (ಫೈಲ್‌ನ ಬೆರಳಚ್ಚಿನಂಥದ್ದು) ಇಂಥ ಕಡೆ ಹೆಚ್ಚು ಉಪಯೋಗಕ್ಕೆ ಬಾರದು, ಫೈಲ್ ಬದಲಿಸಿದವರು ಅದನ್ನೂ ಬದಲಿಸಬಹುದಲ್ಲ.

ಹಳೆಯದರ ಮೇಲೇ ಹೊಸದನ್ನು ಹಾಕಬೇಡಿ. ಹಳೆಯದನ್ನು ಮೇಲೆ ಹೇಳಿದ ಕ್ರಮದಲ್ಲಿ ತೆಗೆದು, ರೀಸ್ಟಾರ್ಟ್ ಮಾಡಿ, ಆಮೇಲೆ ಹೊಸದು. ಹಾಕಿದ ನಂತರ ಡ್ರೈವರ್ ಫೈಲ್‌ನ ಆವೃತ್ತಿ ಪ್ರಕಟಣೆಯಲ್ಲಿ ಹೇಳಿದ್ದಕ್ಕೆ ಹೊಂದುತ್ತದೆಯೇ ನೋಡಿ. ಕಿಟಕಿಯ ಮೂಲೆಯಲ್ಲಿ ‘ನಿಮ್ಮ ಆವೃತ್ತಿ ಹೊಸದು’ ಎಂದು ಬಂದರೆ ಅದನ್ನು ಸಾಕ್ಷಿ ಎಂದುಕೊಳ್ಳಬೇಡಿ. ಅಪ್‌ಡೇಟನ್ನು ಎಲ್ಲರಿಗೂ ಒಂದೇ ದಿನ ಕೊಡದೆ ಹಂತಹಂತವಾಗಿ ಬಿಡುವ ಕಂಪನಿಗಳಿವೆ, ನಿಮ್ಮ ಸರದಿ ಬಾರದಿದ್ದರೂ ಅದೇ ಸಂದೇಶ ಬರುತ್ತದೆ.

ನಲವತ್ತೂ ಯಂತ್ರಗಳಲ್ಲಿ ‘ವಿಂಡೋಸ್ ಸೆಕ್ಯುರಿಟಿ’ಯ ಡಿವೈಸ್ ಸೆಕ್ಯುರಿಟಿ, ಕೋರ್ ಐಸೊಲೇಶನ್ ಪುಟಕ್ಕೆ ಹೋಗಿ ‘ಮೆಮೊರಿ ಇಂಟೆಗ್ರಿಟಿ’ (ಕರ್ನಲ್‌ಗೆ ಅಪಾಯಕರ ಕೋಡ್ ಸೇರದಂತೆ ಕಾಯುವುದು) ಮತ್ತು ‘ವಲ್ನರಬಲ್ ಡ್ರೈವರ್ ಬ್ಲಾಕ್‌ಲಿಸ್ಟ್’ (ಲೋಪವಿರುವುದು ಗೊತ್ತಾದ ಡ್ರೈವರ್‌ಗಳನ್ನು ತಡೆಯುವ ಪಟ್ಟಿ) ಆನ್ ಇವೆಯೇ ನೋಡಿ. ವಿಂಡೋಸ್ 11ರ 2022ರ ಆವೃತ್ತಿಯಿಂದ ಬ್ಲಾಕ್‌ಲಿಸ್ಟ್ ತಾನಾಗಿಯೇ ಆನ್ ಇರುತ್ತದೆ. ಮೆಮೊರಿ ಇಂಟೆಗ್ರಿಟಿ ಆನ್ ಆಗಲು ಒಪ್ಪದಿದ್ದರೆ ಅಡ್ಡಬಂದ ಡ್ರೈವರ್‌ಗಳ ಪಟ್ಟಿಯನ್ನು ಅದೇ ತೋರಿಸುತ್ತದೆ, ಹಳೆಯ ಲೈಟಿಂಗ್ ಡ್ರೈವರ್‌ಗಳನ್ನು ಹಿಡಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಆದರೆ ಬ್ಲಾಕ್‌ಲಿಸ್ಟ್ ವರ್ಷಕ್ಕೆ ಒಂದೆರಡು ಸಲ ಮಾತ್ರ ದೊಡ್ಡದಾಗಿ ಪರಿಷ್ಕಾರವಾಗುತ್ತದೆ. ಕಳೆದ ವಾರದ ಲೋಪ ಅದರಲ್ಲಿರುತ್ತದೆಂಬ ಭರವಸೆಯಿಲ್ಲ. ಈ ಡ್ರೈವರ್ ನಿಮ್ಮಲ್ಲಿ ಇಲ್ಲದಿದ್ದರೂ ದಾಳಿಕೋರ ತಾನೇ ತರಬಹುದಲ್ಲ, ತೆಗೆದು ಏನು ಲಾಭ ಎಂದು ಕೇಳುವವರಿದ್ದಾರೆ. ವ್ಯತ್ಯಾಸವಿದೆ: ಹೊಸದಾಗಿ ಡ್ರೈವರ್ ತರಲು ಅಡ್ಮಿನ್ ಅಧಿಕಾರ ಬೇಕು, ಆಗಲೇ ಇರುವ ಲೋಪದ ಡ್ರೈವರನ್ನು ಬಳಸಿಕೊಳ್ಳಲು ಸಾಮಾನ್ಯ ಖಾತೆ ಸಾಕು. ನಿಮ್ಮ ಸಿಬ್ಬಂದಿಗೆಲ್ಲ ಅಡ್ಮಿನ್ ಖಾತೆ ಕೊಟ್ಟಿದ್ದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ ಎಂಬುದೂ ನಿಜ.

ಯಾರಾದರೂ ಒಳಹೊಕ್ಕಿದ್ದಾರೆಯೇ? ಉಳಿಸಿಟ್ಟ ಸಿಸ್ಟಮ್ ಲಾಗ್‌ನಲ್ಲಿ 7045 ಸಂಖ್ಯೆಯ ದಾಖಲೆಗಳನ್ನು ಬೇರ್ಪಡಿಸಿ. ಹೊಸ ಸರ್ವಿಸ್ ಅಥವಾ ಡ್ರೈವರ್ ಸೇರಿದಾಗ ಅದು ಬೀಳುತ್ತದೆ, ಫೈಲ್ ಎಲ್ಲಿತ್ತು ಎಂಬುದೂ ಬರೆದಿರುತ್ತದೆ. ಟೆಂಪ್, ಡೌನ್‌ಲೋಡ್ಸ್, ಪಬ್ಲಿಕ್ ಫೋಲ್ಡರ್‌ಗಳಿಂದ ಬಂದ ಕರ್ನಲ್ ಡ್ರೈವರ್ ಕಂಡರೆ ಅನುಮಾನಿಸಿ. ಸೆಕ್ಯುರಿಟಿ ಲಾಗ್‌ನಲ್ಲಿ 1102, ಸಿಸ್ಟಮ್ ಲಾಗ್‌ನಲ್ಲಿ 104 ಇದ್ದರೆ ಯಾರೋ ಲಾಗ್ ಅಳಿಸಿದ್ದಾರೆಂದು ಅರ್ಥ. ನೀವೇ ಅಳಿಸಿಲ್ಲವಾದರೆ ಅದೊಂದೇ ಸಾಕು. ಅಡ್ಮಿನಿಸ್ಟ್ರೇಟರ್ಸ್ ಗುಂಪಿನಲ್ಲಿ ಗೊತ್ತಿಲ್ಲದ ಹೆಸರು, ಟಾಸ್ಕ್ ಶೆಡ್ಯೂಲರ್‌ನಲ್ಲಿ ಅಪರಿಚಿತ ಕೆಲಸ, ವಿಂಡೋಸ್‌ನದೇ ಆ್ಯಂಟಿವೈರಸ್ ಆದ ಡಿಫೆಂಡರ್‌ನ ‘ಎಕ್ಸ್‌ಕ್ಲೂಶನ್ಸ್’ (ಪರೀಕ್ಷಿಸದೆ ಬಿಡುವ ಜಾಗಗಳ) ಪಟ್ಟಿಯಲ್ಲಿ ನೀವು ಸೇರಿಸದ ಫೋಲ್ಡರ್, ಇವನ್ನೂ ನೋಡಿ. ಕೊನೆಯದನ್ನು ಬಹಳ ಜನ ನೋಡುವುದೇ ಇಲ್ಲ. ಅನುಮಾನವಿರುವ ಯಂತ್ರದಲ್ಲಿ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿ, ಅದು ವಿಂಡೋಸ್ ಶುರುವಾಗುವ ಮೊದಲೇ ನಡೆಯುತ್ತದೆ.

ಏನೂ ಸಿಗದಿದ್ದರೆ ಏನೂ ಆಗಿಲ್ಲ ಎಂದಲ್ಲ. ಕರ್ನಲ್ ಮಟ್ಟ ತಲುಪಿದವರು ಗುರುತು ಉಳಿಸದೆ ಹೋಗಬಲ್ಲರು. ಆದರೂ ಮೇಲಿನ ಒಂದು ಗುರುತೂ ಇಲ್ಲದ, ಅಪಾಯಕರ ಕೆಲಸಕ್ಕೆ ಬಳಸದ ಯಂತ್ರವನ್ನು ನಾನಾದರೆ ಹಾಗೇ ಬಿಡುತ್ತೇನೆ. ಒಂದೇ ಒಂದು ಗಟ್ಟಿ ಗುರುತು ಸಿಕ್ಕರೆ ಮಾತ್ರ ಶುಚಿಗೊಳಿಸುವ ಪ್ರಯತ್ನವೇ ಬೇಡ: ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆರಿಸಿ, ಡಾಕ್ಯುಮೆಂಟ್‌ಗಳನ್ನಷ್ಟೇ ತೆಗೆದುಕೊಂಡು ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿ. ಆ ಯಂತ್ರದಲ್ಲಿ ಬಳಸಿದ ಪಾಸ್‌ವರ್ಡ್‌ಗಳನ್ನು ಬೇರೆ ಯಂತ್ರದಿಂದ ಬದಲಿಸಿ, ತೆರೆದಿರುವ ಎಲ್ಲ ಲಾಗಿನ್‌ಗಳನ್ನೂ ಸೈನ್ ಔಟ್ ಮಾಡಿಸಿ. ಪಾಸ್‌ವರ್ಡ್ ಮಾತ್ರ ಬದಲಿಸಿದರೆ ಕದ್ದ ಕುಕ್ಕಿಯಿಂದ (ಬ್ರೌಸರ್ ಉಳಿಸಿಕೊಳ್ಳುವ ಲಾಗಿನ್ ಗುರುತಿನಿಂದ) ಒಳಗಿರುವವರು ಒಳಗೇ ಉಳಿಯಬಹುದು.

ಡಿಸೈನ್ ವಿಭಾಗದ ಮೂವರ ಮೌಸ್‌ಗಳಲ್ಲಿ ‘ಆನ್‌ಬೋರ್ಡ್ ಮೆಮೊರಿ’ ಇದೆಯೇ ಮೊದಲು ನೋಡಿ. ಇದ್ದರೆ ಅಪ್‌ಡೇಟ್ ಆದ ಒಂದೇ ಕಂಪ್ಯೂಟರಿನಲ್ಲಿ ಮೂರೂ ಮೌಸ್‌ಗಳ ಬಟನ್, ಡಿಪಿಐ (ಕರ್ಸರ್‌ನ ಸೂಕ್ಷ್ಮತೆ), ಮ್ಯಾಕ್ರೊ ಹೊಂದಿಸಿ ಮೌಸ್‌ನೊಳಗೇ ಉಳಿಸಿ, ಬೇರೆ ಕಂಪ್ಯೂಟರಿಗೆ ಚುಚ್ಚಿ ಪರೀಕ್ಷಿಸಿ, ಸಾಫ್ಟ್‌ವೇರ್ ತೆಗೆದುಬಿಡಿ. ಒಂದು ಮಿತಿಯಿದೆ: ಆ್ಯಪ್ ಬದಲಾದಾಗ ತಾನಾಗಿ ಪ್ರೊಫೈಲ್ ಬದಲಾಗುವುದು ಸಾಫ್ಟ್‌ವೇರ್ ಇಲ್ಲದೆ ಆಗದು. ಅದು ಬೇಕೇ ಬೇಕೆನ್ನುವವರ ಯಂತ್ರದಲ್ಲಿ ಮಾತ್ರ ಹೊಸ ಆವೃತ್ತಿ ಇರಲಿ, ಲೈಟಿಂಗ್, ಫ್ಯಾನ್, ಕ್ಲೌಡ್ ಸಿಂಕ್ ಮಾಡ್ಯೂಲ್‌ಗಳನ್ನು ಇನ್‌ಸ್ಟಾಲ್ ಮಾಡುವಾಗಲೇ ಕೈಬಿಡಿ. ಕರ್ನಲ್ ಡ್ರೈವರ್ ಬರುವುದು ಬಹುತೇಕ ಆ ಫ್ಯಾನ್, ಲೈಟಿಂಗ್ ಭಾಗದ ಜೊತೆಗೇ. ಅದರ ಬದಲು ಲೈಟು ಹೊಂದಿಸುವ ಓಪನ್‌ಆರ್‌ಜಿಬಿಯಂಥ ಮುಕ್ತ ಸಾಫ್ಟ್‌ವೇರ್ ಹಾಕಿಕೊಳ್ಳುವುದೇ ಉತ್ತಮ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಅದೂ ಬಹುಕಾಲ ವಿನ್‌ರಿಂಗ್0 ಎಂಬ ಲೋಪವಿರುವ ಡ್ರೈವರನ್ನೇ (ಸಿವಿಇ-2020-14979) ಬಳಸುತ್ತಿತ್ತು, 2025ರಲ್ಲಿ ಡಿಫೆಂಡರ್ ಆ ಡ್ರೈವರನ್ನು ಅಪಾಯ ಎಂದು ಗುರುತಿಸತೊಡಗಿತು.

ಮ್ಯಾಕ್ರೊಗಳ ಪಟ್ಟಿಯನ್ನು ಆ ಮೂವರ ಜೊತೆ ಕೂತು ಒಮ್ಮೆ ಓದಿ. ಲಾಗಿನ್ ಪಾಸ್‌ವರ್ಡನ್ನು ಮೌಸ್ ಬಟನ್‌ಗೆ ಮ್ಯಾಕ್ರೊ ಮಾಡಿಟ್ಟುಕೊಂಡವರು ಇರುತ್ತಾರೆ. ಅದು ಪ್ರೊಫೈಲ್ ಫೈಲ್‌ನಲ್ಲಿ, ಕ್ಲೌಡ್ ಸಿಂಕ್ ಇದ್ದರೆ ಕಂಪನಿಯ ಸರ್ವರ್‌ನಲ್ಲಿ, ಮೌಸ್‌ನ ಮೆಮೊರಿಯಲ್ಲಿ ಹೀಗೆ ಮೂರು ಕಡೆ ಉಳಿದಿರುತ್ತದೆ. ಅಂಥ ಪಾಸ್‌ವರ್ಡ್ ಬದಲಿಸಿ, ಮೂರೂ ಕಡೆಯಿಂದ ಮ್ಯಾಕ್ರೊ ಅಳಿಸಿ. ನೀವು ಬರೆಯದ ಮ್ಯಾಕ್ರೊ ಒಂದು ಅಲ್ಲಿ ಕಂಡರೆ, ಆ ಯಂತ್ರವನ್ನು ಗಟ್ಟಿ ಗುರುತು ಸಿಕ್ಕ ಯಂತ್ರ ಎಂದೇ ಪರಿಗಣಿಸಿ, ಮೌಸನ್ನು ಫ್ಯಾಕ್ಟರಿ ರೀಸೆಟ್ ಮಾಡಿದ ಮೇಲೆಯೇ ಹೊಸ ವಿಂಡೋಸ್‌ಗೆ ಚುಚ್ಚಿ.